ಆಡದವಳ ಸರ್ಟಿಫಿಕೇಟು

"ದಿನಕ್ಕೆ ಎಂಟು ಗಂಟೆ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯೋ ಶಕ್ತಿ ಈಕೆಗೆ ಎಲ್ಲಿಂದ ಬಂತು? ನಮ್ಮ ಕಬಡ್ಡಿ ಅಂಕಣದಿಂದ!" ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ತಿಮ್ಮರಾಜು ಮೈಕಿನಲ್ಲಿ ಕೂಗಿದಾಗ ಶಾಮಿಯಾನದಡಿ ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಅತಿಥಿಯಾಗಿ ಕೂತಿದ್ದ ಚಲುವಮ್ಮ ಮಡಿಲಲ್ಲಿದ್ದ ಹಾರವನ್ನು ಹಿಂಡುತ್ತಿದ್ದಳು. ಎಡಗಾಲನ್ನು ಮುಂದಕ್ಕೆ ಚಾಚಿಕೊಂಡಿದ್ದಳು. ಮಡಿಸಿದರೆ ಮಂಡಿ ನೋಯುತ್ತಿತ್ತು.

ಆ ಮಂಡಿ ಹೋದದ್ದೂ ಇದೇ ಅಂಕಣದಲ್ಲಿ. ಏಳು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ಸೆಮಿಫೈನಲ್ ನಡುವೆ ಕಾಲು ತಿರುಚಿ ಬಿದ್ದವಳಿಗೆ ಇದೇ ಮೇಷ್ಟ್ರು ಬಟ್ಟೆ ಬಿಗಿದು ಕಟ್ಟಿ, "ಆಡು, ಏನಾಗಲ್ಲ. ಸರ್ಟಿಫಿಕೇಟು ನಿಂದೇ" ಎಂದಿದ್ದರು. ಆಡಿದಳು, ಗೆಲ್ಲಿಸಿದಳು. ಆಮೇಲೆ ಮೂರು ತಿಂಗಳು ಹೊಣಕೆರೆಯ ಮನೆಯಲ್ಲಿ ಹಾಸಿಗೆ ಹಿಡಿದಳು. ಅಷ್ಟರಲ್ಲಿ ಸರ್ಟಿಫಿಕೇಟಿನ ಮೇಲೆ ಕಾಲೇಜಿನ ಅಧ್ಯಕ್ಷರ ತಂಗಿಯ ಮಗಳ ಹೆಸರು ಕೂತಿತ್ತು. ಒಂದು ದಿನವೂ ಅಂಕಣದ ಮಣ್ಣು ತುಳಿಯದ ಆಕೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದಳು. ಚಲುವಮ್ಮ ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಕಂಡಕ್ಟರಾದಳು. ಪಾಂಡವಪುರದಿಂದ ಕೆ.ಆರ್.ಪೇಟೆವರೆಗೆ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಆ ಮೇಷ್ಟ್ರ ಮುಖ ನೆನಪಾಗುತ್ತಿತ್ತು.

ಭಾಷಣಕ್ಕೆ ಕರೆದಾಗ ಮೊದಲು ಒಲ್ಲೆ ಎಂದಿದ್ದಳು. ಆಮೇಲೆ, ಎಲ್ಲವನ್ನೂ ಮೈಕಿನಲ್ಲೇ ಹೇಳಿಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಬಂದಿದ್ದಳು. ಆದರೆ ಭಾಷಣಕ್ಕೂ ಮೊದಲು ಫೈನಲ್ ಪಂದ್ಯ ಶುರುವಾಯಿತು.

ಮೊದಲರ್ಧದಲ್ಲೇ ಕಾಲೇಜು ತಂಡದ ಅನು ಎಂಬ ಹುಡುಗಿ ಎದುರಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಹೋಗಿ ಬಿದ್ದಳು. ನೋಡನೋಡುತ್ತ ಅವಳ ಕಾಲಗಂಟು ಊದಿತು. ತಿಮ್ಮರಾಜು ಓಡಿಬಂದು ಬಟ್ಟೆ ಸುತ್ತತೊಡಗಿದರು. "ಆಡು, ಏನಾಗಲ್ಲ."

ಚಲುವಮ್ಮ ವೇದಿಕೆ ಇಳಿದದ್ದು ಅವಳಿಗೇ ಗೊತ್ತಾಗಲಿಲ್ಲ.

"ಬುಡಿ ಸಾ ಆ ಕಾಲ್ನ. ಏಳ್ಬ್ಯಾಡ ಕಣವ್ವ, ಕೂತ್ಕೊ."

"ಗೆಸ್ಟಾಗಿ ಬಂದಿದೀಯ, ಮೇಲೋಗಿ ಕೂತ್ಕೊ," ಮೇಷ್ಟ್ರು ಸಿಡುಕಿದರು.

ಅನು ಇನ್ನೂ ಜೋರಾಗಿ ಸಿಡುಕಿದಳು. "ನೀವ್ಯಾರಕ್ಕ ನಂಗೇಳಕ್ಕೆ? ಆಡ್ದಿದ್ರೆ ಸರ್ಟಿಫಿಕೇಟು ಕೊಡಕಿಲ್ಲ ಅಂದವ್ರೆ. ಕೆಲ್ಸ ಸಿಕ್ನಿಲ್ಲ ಅಂದ್ರೆ ನಮ್ಮನೇಲಿ ಮದ್ವೆ ಮಾಡ್ಬುಡ್ತಾರೆ."

"ನೋಡು, ಅವ್ಳೇ ಆಡ್ತೀನಿ ಅಂತಾವ್ಳೆ," ಎಂದು ಮೇಷ್ಟ್ರು ನಕ್ಕರು.

ಆ ನಗು ಕಂಡು ಚಲುವಮ್ಮನಿಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಟಿಕೆಟ್ ಕೊಳ್ಳದೆ ಇಳಿಯುವವನ ದಾರಿಗೆ ಅಡ್ಡ ನಿಲ್ಲುವ ಹಾಗೆ ಎದುರು ನಿಂತು ಕೈ ಚಾಚಿದಳು.

"ಬರ್ಕೊಡಿ."

"ಏನ?"

"ಇವಳ ಸರ್ಟಿಫಿಕೇಟು. ಈಗ್ಲೇ, ಇಲ್ಲೇ. ಫೈನಲ್ ಗಂಟ ಆಡವ್ಳೆ, ಇಡೀ ಕಾಲೇಜು ನೋಡೈತೆ."

"ಇದೇನ್ ನಿನ್ ಬಸ್ಸಲ್ಲ ಕಣಮ್ಮ."

"ಬಸ್ಸಾಗಿದ್ರೆ ನಿಮ್ಮನ್ನ ನಡುದಾರೀಲಿ, ಚಿನಕುರಳೀಲೇ ಇಳಿಸಿರೋಳು. ಬರ್ಕೊಡಿ. ಇಲ್ದಿದ್ರೆ ನನ್ನ ಸರ್ಟಿಫಿಕೇಟು ಯಾರ ಮನೆ ಸೇರ್ತು ಅಂತ ಮೈಕಲ್ಲೇ ಯೋಳ್ತೀನಿ. ಅಧ್ಯಕ್ಷರೂ ಕೂತವ್ರೆ, ಕೇಳುಸ್ಕೊಳ್ಲಿ."

ಇಂಜಿನ್ನಿನ ಸದ್ದನ್ನು ಮೀರಿ ಕೂಗಿ ಪಳಗಿದ ಗಂಟಲು. ಮಾತು ಮುಂದಿನ ಸಾಲಿಗೆಲ್ಲ ಕೇಳಿಸಿತು. ತಿಮ್ಮರಾಜು ಅಧ್ಯಕ್ಷರತ್ತ ನೋಡಿದರು. ಅವರು ನೆಲ ನೋಡುತ್ತಿದ್ದರು. ಪ್ರಿನ್ಸಿಪಾಲರ ಕೋಣೆಯಿಂದ ಕಾಗದ ಬಂತು, ಸೀಲು ಬಂತು. ಮೇಷ್ಟ್ರು ಬರೆದು ಸಹಿ ಹಾಕಿದರು. ಚಲುವಮ್ಮ ಎರಡು ಸಲ ಓದಿ ನೋಡಿ ಅನುವಿನ ಕೈಗೆ ಕೊಟ್ಟಳು.

ಅನುವಿನ ಬದಲಿಗೆ ಇಳಿದ ಹುಡುಗಿ ಎರಡು ಸಲ ಸಿಕ್ಕಿಬಿದ್ದಳು. ಎರಡೇ ಅಂಕದಲ್ಲಿ ತಂಡ ಸೋತಿತು. ಚಲುವಮ್ಮನನ್ನು ಯಾರೂ ಮೈಕಿಗೆ ಕರೆಯಲಿಲ್ಲ. ಅವಳ ಸಿಟ್ಟೂ ಇಳಿದಿರಲಿಲ್ಲ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಒಂದು ಕಾಗದದ ಬದಲಿಗೆ ಬಿಟ್ಟುಕೊಟ್ಟೆನಲ್ಲ ಎಂದುಕೊಳ್ಳುತ್ತ ಸೋಡಾ ಅಂಗಡಿಯತ್ತ ನಡೆದಳು.

ಮೈದಾನದ ಅಂಚಿನ ಹೊಂಗೆ ಮರದಡಿ ಅನು ಅಳುತ್ತ ಕೂತಿದ್ದಳು. "ನಿಮ್ಮಿಂದ್ಲೇ ಸೋತ್ವಿ."

"ಊಂ ಕಣವ್ವ," ಎಂದ ಚಲುವಮ್ಮ ಕಷ್ಟಪಟ್ಟು ನೆಲಕ್ಕೆ ಕೂತು, ಸೋಡಾ ಅಂಗಡಿಯಿಂದ ತಂದ ಐಸನ್ನು ಸೆರಗಿನಲ್ಲಿ ಸುತ್ತಿ ಅವಳ ಕಾಲಿಗೆ ಒತ್ತಿದಳು. ಅನು ಕಾಲೆಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಚಾಚಿದಳು. ಮುಖ ಮಾತ್ರ ಅತ್ತಲೇ ತಿರುಗಿತ್ತು. ಕರಗಿದ ನೀರು ಹಿಮ್ಮಡಿಯಿಂದಿಳಿದು ಮಣ್ಣಿನಲ್ಲಿ ಸಣ್ಣಗೆ ಹರಿಯುತ್ತಿತ್ತು.