ಕೈಗೆ ಕೂತ ಚಾಕು

“ಹಂಗಾದ್ರ ನಿಮಗೂ ಒಂದು ಚಾಕು ಬೇಕಾಗ್ತೈತಿ” ಎಂದ ದುಂಡೇಶ.

ಡಿಸೆಂಬರಿನ ಬೆಳಗು. ಅಂಬಿಕಾನಗರದ ಕ್ವಾರ್ಟರ್ಸಿನ ಹಿಂಬಾಗಿಲ ಮೆಟ್ಟಿಲ ಮೇಲೆ ಗಂಡ ಹೆಂಡತಿ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದರು. ಎದುರುಮನೆ ಮಂಜಿನಲ್ಲಿ ಪೂರ್ತಿ ಕರಗಿಹೋಗಿತ್ತು. ಅವರ ತಂತಿಯ ಮೇಲಿನ ಕೆಂಪು ಟವೆಲ್ಲೊಂದು ಯಾವ ಆಸರೆಯೂ ಇಲ್ಲದೆ ಬಿಳಿಯಲ್ಲಿ ತೇಲುತ್ತಿದ್ದಂತೆ ಕಾಣುತ್ತಿತ್ತು. ಮಧುಮತಿ ಅದನ್ನೇ ನೋಡುತ್ತಿದ್ದವಳು ತಿರುಗಿದಳು. ತಾನು ಕೇಳಿದ್ದು ಚಾಕು ಎಂಬ ಮಾತೇ ಹೌದೋ ಅಲ್ಲವೋ ಎಂದು ಅವಳಿಗೆ ಅನುಮಾನವಾಯಿತು.

ಅವರ ಮದುವೆಯಾಗಿ ನಾಲ್ಕು ತಿಂಗಳಾಗಿತ್ತಷ್ಟೆ. ಮಧುಮತಿ ದಾಂಡೇಲಿಯ ಬಂಗೂರನಗರದವಳು. ಅಪ್ಪ ಸಾತಪ್ಪ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮನೆಯಲ್ಲೇ ಬಟ್ಟೆ ಹೊಲಿಯುತ್ತ, ತಂಗಿಯರ ಮದುವೆಯ ಕುಪ್ಪಸಗಳನ್ನೆಲ್ಲ ತಾನೇ ಹೊಲಿದುಕೊಟ್ಟ ಮಧುಮತಿಗೆ ತನ್ನ ಕುಪ್ಪಸ ಹೊಲಿದುಕೊಳ್ಳುವ ಹೊತ್ತಿಗೆ ಮೂವತ್ತೆಂಟು ತುಂಬಿತ್ತು. ದುಂಡೇಶ ವಿದ್ಯುದಾಗಾರದಲ್ಲಿ ಆಪರೇಟರ್. ನಲವತ್ತು ದಾಟಿದವನು. ಮಾತು ಕಡಿಮೆ, ಹೆಂಡತಿಗೆ ಇನ್ನೂ ‘ನೀವು’ ಎನ್ನುತ್ತಿದ್ದ. ಪ್ರತಿ ಚಳಿಗಾಲದಲ್ಲೂ ಒಂದು ಡೇರೆ ಹೊತ್ತುಕೊಂಡು ಒಬ್ಬನೇ ಜೋಯಿಡಾ ಕಡೆಯ ನದಿದಂಡೆಗೆ ಹೋಗಿ ಇದ್ದು ಬರುವುದು ಅವನ ರೂಢಿ. ಆ ಸಂಗತಿಯನ್ನು ಅಂದು ಬಹಳ ಸಂಕೋಚದಿಂದ ಹೇಳಿದ್ದ. ಮಧುಮತಿ, “ನಾನೂ ಬರ್ಲೇನು?” ಎಂದು ಕೇಳಿಬಿಟ್ಟಿದ್ದಳು.

“ನನಗ್ಯಾಕರೀ ಚಾಕು? ನಿಮ್ಮದು ಐತೆಲ್ಲ.”

“ನಂದು ನನ್ನ ಕೈಗೆ. ಅಡವ್ಯಾಗ ಹಗ್ಗ ಕೊಯ್ಯೂದಿರ್ತೈತಿ, ಕಟ್ಟಿಗಿ ಸೀಳೂದಿರ್ತೈತಿ. ನಾ ಒಂದು ಕಡೆ ನೀವು ಒಂದು ಕಡೆ ಇದ್ರ? ನಿಮ್ಮದು ನೀವ ಆರಿಸ್ಕೋಬೇಕು.”

ಒಳಗೆ ಹೋಗಿ ತನ್ನದನ್ನು ತಂದು ಮೆಟ್ಟಿಲ ಮೇಲಿಟ್ಟ. ನೌಕರಿ ಸೇರಿದ ವರ್ಷ ಕೊಂಡದ್ದಂತೆ. ಹಿಡಿ ಸವೆದು ಅವನ ಬೆರಳುಗಳ ಗುರುತು ಹೊತ್ತಿತ್ತು. ಮಡಚುವ ಚಾಕುವಲ್ಲ, ಅಲಗು ಹಿಡಿಯಲ್ಲಿ ಗಟ್ಟಿಯಾಗಿ ಕೂತ ಚಾಕು. ಮಡಚುವುದಾದರೆ ಜೇಬಿಗೆ ಸಲೀಸು, ಆದರೆ ಬಡಿದು ಕಟ್ಟಿಗೆ ಸೀಳಲು ಹೋದರೆ ಮೊದಲು ಕೀಲೇ ಬಿಡುತ್ತದೆ ಎಂದ. ಇಷ್ಟು ಮಾತನ್ನು ಅವನು ಒಂದೇ ಸಲಕ್ಕೆ ಆಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಫೋನಿನಲ್ಲಿ ಸುದ್ದಿ ಕೇಳಿದ ಮಧುಮತಿಯ ಅವ್ವ ದುರ್ಗವ್ವ ನಕ್ಕೂ ನಕ್ಕೂ ಸುಸ್ತಾದಳು. “ಗಂಡ ಸೀರಿ ಕೊಡಿಸ್ತಾನ, ಬಂಗಾರ ಕೊಡಿಸ್ತಾನ, ಕೇಳೇನಿ. ಚಾಕು ಕೊಡಸೂ ಗಂಡನ್ನ ಈಗ ನೋಡಾಕತ್ತೇನಿ ನೋಡವಾ!”

ಮಧುಮತಿಯೂ ನಕ್ಕಳು. ಆದರೆ ಆ ದಿನ ಮಧ್ಯಾಹ್ನ ಹೊಲಿಗೆಯಂತ್ರದ ಮೇಲೆ ತಲೆಯಿಟ್ಟು ಒಂದು ಚಣ ಕಣ್ಣು ಮುಚ್ಚಿದಾಗ ಅವಳಿಗೆ ಚಾಕುಗಳೇ ಕಂಡವು. ತಿಳಿನೀರಿನಲ್ಲಿ ಮೀನಿನ ಮರಿಗಳಂತೆ ಒಂದರ ಹಿಂದೊಂದು ಈಜುತ್ತ ಅವಳ ಬೆರಳ ಸಂದಿಯಿಂದ ನುಸುಳಿ ಹೋಗುತ್ತಿದ್ದವು. ಯಾವುದೂ ಅಂಗೈಯಲ್ಲಿ ನಿಲ್ಲಲಿಲ್ಲ. ಎಚ್ಚರವಾದಾಗ ಕೈ ತಣ್ಣಗಿತ್ತು.

ಮೊದಲು ದಾಂಡೇಲಿಯ ಒಂದು ಅಂಗಡಿಗೆ ಹೋದರು. ಪ್ರವಾಸಿಗರಿಗೆ ಟೋಪಿ, ಚೀಲ, ಟಾರ್ಚು ಮಾರುವ ಅಂಗಡಿ ಅದು. ಅಂಗಡಿಯವನು ಗಾಜಿನ ಕಪಾಟಿನಿಂದ ಮಿರಮಿರ ಮಿಂಚುವ, ಮೊಳದುದ್ದದ್ದೊಂದನ್ನು ತೆಗೆದ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಬಿರಡೆ ತಿರುಗಿಸಿದರೆ ಟೊಳ್ಳು ಹಿಡಿಯೊಳಗೆ ಗಾಳ, ಸೂಜಿ, ಬೆಂಕಿಕಡ್ಡಿ.

“ಎಲ್ಲಾ ಇದರಾಗ ಐತ್ರಿ ಅಕ್ಕಾರ.”

ದುಂಡೇಶ ಹಿಂದೆ ನಿಂತು ನೋಡುತ್ತಿದ್ದ. ಮಧುಮತಿ ಅದನ್ನು ಹಿಡಿದು, ತನ್ನ ಕತ್ತರಿಗಳನ್ನು ಪರೀಕ್ಷಿಸುವ ಹಾಗೆ ಮಣಿಕಟ್ಟನ್ನು ಮೆಲ್ಲಗೆ ಆಡಿಸಿದಳು. ಅಲಗು ಹಿಡಿಯನ್ನು ಸೇರುವಲ್ಲಿ ಎಲ್ಲೋ ಒಂದು ಸಣ್ಣ ‘ಕಿಟಕ್’ ಕೇಳಿಸಿತು. ಅವಳು ಅದನ್ನು ಕೆಳಗಿಟ್ಟಳು.

“ಸೂಜಿ ನನ್ನ ಹತ್ರ ಭಾಳ ಅದಾವ” ಎಂದಳು.

ಹೊರಗೆ ಬಂದ ಮೇಲೆ ದುಂಡೇಶ, “ಆ ಸಪ್ಪಳ ನಿಮಗೂ ಕೇಳಿಸ್ತೇನು?” ಎಂದ. ಹೂಂ ಎಂದಳು. ಅವನ ಮುಖದಲ್ಲಿ ಏನೋ ಒಂದು ಬೆಳಕು ಹಾದುಹೋಯಿತು.

ಹಳಿಯಾಳದ ಸಂತೆಯಲ್ಲೂ ಹುಡುಕಿದರು. ಅಲ್ಲಿ ಕುಡಗೋಲು, ಕೊಡಲಿ, ಕಾಯಿ ಒಡೆಯುವ ಕತ್ತಿ, ಬದನೆಕಾಯಿಗೆ ಮಾತ್ರ ಸಾಕಾಗುವ ತೆಳ್ಳನೆಯ ಚಾಕು, ಎಲ್ಲ ಇದ್ದವು. ಅವಳಿಗೆ ಬೇಕಾದದ್ದು ಇವೆಲ್ಲದರ ನಡುವೆ ಎಲ್ಲೋ ಇತ್ತು, ಕಣ್ಣಿಗೆ ಮಾತ್ರ ಬೀಳಲಿಲ್ಲ. ಹಾಗೆಂದು ಅವಳಿಗೆ ಬೇಸರವೇನೂ ಆಗಲಿಲ್ಲ. ಬೈಕಿನ ಹಿಂದೆ ಕೂತು, ತೇಗದ ಮರಗಳ ನೆರಳು ಬೆಳಕು ಮುಖದ ಮೇಲೆ ಸರಿದಾಡುತ್ತಿದ್ದರೆ ಅವಳಿಗೆ ಅರೆನಿದ್ದೆಯಂಥ ಸುಖವಾಗುತ್ತಿತ್ತು. ಈ ಚಾಕು ಇಷ್ಟು ಬೇಗ ಸಿಗದಿದ್ದರೇ ಚೆನ್ನ ಅನ್ನಿಸುತ್ತಿತ್ತು.

ಸಿಕ್ಕಿದ್ದು ಮಳಗಿಯಲ್ಲಿ. ಅಲ್ಲಿರುವ ಮಧುಮತಿಯ ಸೋದರಮಾವನ ಮನೆಗೆ ಹೊಸ ಅಳಿಯನನ್ನು ಊಟಕ್ಕೆ ಕರೆದಿದ್ದರು. ಉಂಡು ಹೊರಟವರು ಊರ ಅಂಚಿನಲ್ಲಿ ಕಮ್ಮಾರ ದ್ಯಾಮಪ್ಪನ ಕುಲುಮೆ ಕಂಡು ಬೈಕು ನಿಲ್ಲಿಸಿದರು.

ಒಳಗೆ ಕತ್ತಲೆ. ಆ ಕತ್ತಲೆಯ ನಡುವೆ ಬೆಂಕಿಯೊಂದು ಉಸಿರಾಡುತ್ತಿತ್ತು. ತಿದಿ ಒತ್ತಿದಾಗ ಕೆಂಪಾಗಿ ಅರಳಿ, ಬಿಟ್ಟಾಗ ಬೂದಿಯೊಳಗೆ ಮುದುಡುವುದು. ಮಧುಮತಿ ಅದನ್ನೇ ನೋಡುತ್ತ ತಾನು ಎಲ್ಲಿದ್ದೇನೆಂಬುದನ್ನೇ ಮರೆತಳು. ಏನು ಬೇಕೆಂದು ದ್ಯಾಮಪ್ಪ ಎರಡು ಸಲ ಕೇಳಬೇಕಾಯಿತು.

“ಒಂದು ಚಾಕು ಬೇಕಾಗಿತ್ರಿ ಅಣ್ಣಾರ. ಅಡವ್ಯಾಗ ಬಳಸಾಕ. ನನಗ.”

ದ್ಯಾಮಪ್ಪ ದುಂಡೇಶನ ಕಡೆ ನೋಡಲಿಲ್ಲ, ಅವಳ ಕೈ ನೋಡಿದ. ಆಮೇಲೆ ಗೋಣಿತಟ್ಟಿನ ಮೇಲೆ ಮೂರು ಚಾಕು ಸಾಲಾಗಿಟ್ಟ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದಲ್ಲ, ಅವನು ಇಟ್ಟ, ಅವಳು ಎತ್ತಿಕೊಂಡಳು.

ಮೊದಲನೆಯದು ಉದ್ದವಾಯಿತು, ನಾಲ್ಕು ಸಲ ಬೀಸುವಷ್ಟರಲ್ಲಿ ಮಣಿಕಟ್ಟು ಭಾರವೆಂದಿತು. ಎರಡನೆಯದು ಬಲು ಚೆಂದ. ಎಮ್ಮೆಕೋಡಿನ ಕಪ್ಪು ಹಿಡಿ, ಕನ್ನಡಿಯ ಹಾಗೆ ನುಣುಪು. ಅವಳಿಗೆ ಅದರ ಮೇಲೆ ಮನಸ್ಸಾಯಿತು. ಆದರೆ ಕಬ್ಬಿಣ ಅದ್ದುವ ತೊಟ್ಟಿಯಲ್ಲಿ ಅಂಗೈ ಅದ್ದಿ ಹಿಡಿದರೆ ಸೋಪಿನಂತೆ ಜಾರಿತು.

ಮೂರನೆಯದನ್ನು ಹಿಡಿದು ಕಣ್ಣು ಮುಚ್ಚಿದಳು. ಅದು ಲಾರಿಯ ಸ್ಪ್ರಿಂಗಿನ ಉಕ್ಕಿನ ಪಾಟಾ ಕಾಯಿಸಿ ಬಡಿದು ಮಾಡಿದ್ದು. ಅಲಗು ಅವಳ ಅಂಗೈಯಷ್ಟೇ ಉದ್ದ, ಎರಡು ಬೆರಳಗಲ, ಬೆನ್ನು ದಪ್ಪ, ಬಾಯಿ ತೆಳ್ಳಗೆ. ಮೈ ಮಸಿಬಣ್ಣದ್ದು, ಹೊಳಪೆಂಬುದು ಬಾಯಂಚಿನಲ್ಲಿ ಒಂದು ಎಳೆ ಮಾತ್ರ. ಅದೇ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿತ್ತು. ಎರಡೂ ಮಗ್ಗುಲಿಗೆ ಹುಣಸೆಕಟ್ಟಿಗೆಯ ಹಲಗೆ ಕೂಡಿಸಿ ದ್ಯಾಮಪ್ಪ ಹಿತ್ತಾಳೆಯ ಮೊಳೆ ಹೊಡೆದಿದ್ದ. ಒದ್ದೆ ಕೈಯಲ್ಲೂ ಅದು ಅಲುಗಲಿಲ್ಲ. ಕಣ್ಣು ಮುಚ್ಚಿದಾಗ ಕೈ ಎಲ್ಲಿ ಮುಗಿದು ಚಾಕು ಎಲ್ಲಿ ಶುರುವಾಯಿತೆಂದು ಅವಳಿಗೆ ತಿಳಿಯಲಿಲ್ಲ.

“ಬಡಿದು ನೋಡ್ರಿ ತಂಗಿ” ಎಂದು ದ್ಯಾಮಪ್ಪ ಒಂದು ಕಟ್ಟಿಗೆ ತುಂಡು ನಿಲ್ಲಿಸಿ ಕೊಟ್ಟ. ಚಾಕುವಿನ ಬಾಯನ್ನು ಅದರ ನೆತ್ತಿಗಿಟ್ಟು, ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಹೊಡೆದಳು. ಮೂರನೆಯ ಏಟಿಗೆ ತುಂಡು ಎರಡು ಹೋಳಾಗಿ ಆಚೀಚೆ ಮಲಗಿತು. ಚಾಕು ಮಾತೇ ಆಡಲಿಲ್ಲ.

“ಇದು” ಎಂದಳು.

“ತುಕ್ಕು ಹಿಡಿಯೂ ಜಾತಿ ಇದು. ಒರೆಸಿ ಎಣ್ಣಿ ಹಚ್ಚಿ ಇಡ್ರಿ. ಮತ್ತ ಬ್ಯಾರೆ ಏನೂ ಕೇಳೂದಿಲ್ಲ ನಿಮ್ಮನ್ನ.”

ಮನೆಗೆ ಬಂದು, ಹಳೆಯ ದಪ್ಪ ಕ್ಯಾನ್ವಾಸನ್ನು ಮೂರು ಪದರು ಮಾಡಿ, ಒಳಗೆ ತೊಗಲಿನ ತುಂಡು ಕೊಟ್ಟು, ಚಾಕುವಿಗೊಂದು ಒರೆಯನ್ನು ಅವಳೇ ಹೊಲಿದಳು. ಸೊಂಟಕ್ಕೆ ಕಟ್ಟಿಕೊಳ್ಳಲು ಚೂಡಿದಾರಕ್ಕೆ ಒಂದು ಪಟ್ಟಿಯನ್ನೂ ಹೊಲಿದುಕೊಂಡಳು.

ಜೋಯಿಡಾ ಕಡೆ ದುಂಡೇಶನ ಪರಿಚಯದ ರೈತರೊಬ್ಬರ ಗದ್ದೆ ಕಾಳಿಯ ದಂಡೆಯವರೆಗೂ ಇತ್ತು. ಅವರಿಗೆ ಹೇಳಿ, ನೀರಿನಿಂದ ದೂರಕ್ಕೆ, ಎತ್ತರದ ಬಂಡೆಗಳ ಹಿಂದೆ ಡೇರೆ ಹಾಕುವುದು ಅವನ ವಾಡಿಕೆ. ಹೋದಾಗ ಇಳಿಮಧ್ಯಾಹ್ನ. ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನವಾಗಿತ್ತು. ಆಚೆದಡದ ಬಿದಿರುಗಳು ನೀರಿನೊಳಗೆ ತಲೆಕೆಳಗಾಗಿ ನಿಂತು ಇವರನ್ನು ನೋಡುತ್ತಿದ್ದವು.

“ಇಲ್ಲಿ ನೀರಿಗೆ ಇಳಿಯೂಹಂಗಿಲ್ರಿ. ಮೊಸಳಿ ಅದಾವ” ಎಂದು ದುಂಡೇಶ ಮೊದಲೇ ಹೇಳಿದ.

ಡೇರೆಗೆ ಗೂಟ ಬೇಕಾಗಿತ್ತು. ಬಿದ್ದ ಕೊಂಬೆಯೊಂದನ್ನು ಆಯ್ದು ತಂದು, ನೀರಿನ ಮೇಲೆ ಚಾಚಿದ ಬಂಡೆಯ ಮೇಲೆ ಕೂತು ಅವನು ತುದಿ ಚೂಪು ಮಾಡತೊಡಗಿದ. ಮಧುಮತಿ ಹಗ್ಗ ಬಿಡಿಸುತ್ತಿದ್ದಳು. ಕೊಂಬೆಯಲ್ಲೊಂದು ಗಂಟಿತ್ತೋ ಏನೋ, ಚಾಕು ಜಾರಿ ಅವನ ಕೈಯಿಂದ ಹಾರಿತು. ಬಂಡೆಗೆ ತಾಗಿ ಗೆಜ್ಜೆಯ ಹಾಗೆ ಒಂದೇ ಒಂದು ಸಲ ದನಿ ಮಾಡಿತು. ಹಸಿರು ಮಡುವಿನಲ್ಲಿ ಓರೆಯಾಗಿ ಇಳಿಯುತ್ತ ಒಮ್ಮೆ ಮಿಂಚಿ, ಆಮೇಲೆ ಕಾಣದಾಯಿತು.

ದುಂಡೇಶ ಚಪ್ಪಲಿ ಬಿಟ್ಟ. ಒಂದು ಕಾಲು ಆಗಲೇ ನೀರಿನ ಅಂಚಿನಲ್ಲಿತ್ತು. ಮಧುಮತಿ ಓಡಿಹೋಗಿ ಹಿಂದಿನಿಂದ ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆದಳು. ಗುಂಡಿಯೊಂದು ಕಿತ್ತು ಹಾರಿತು.

“ಏನ್ ಮಾಡಾಕತ್ತೀರಿ! ಮೊಸಳಿ ಅದಾವ ಅಂತ ನೀವ ಹೇಳಿದ್ರೆಲ್ಲ!”

“ಇಲ್ಲೇ ಬಿದ್ದೈತಿ. ಬಿಡು. ಇಲ್ಲೇ ಐತಿ ಅದು, ಬಿಡು ನನ್ನ.”

“ಬಿಡಂಗಿಲ್ಲ.”

ನಿಜಕ್ಕೂ ಬಿಡಲಿಲ್ಲ. ಅವನು ಬಂಡೆಯ ಮೇಲೆ ಕುಸಿದು ಕೂತ ಮೇಲೂ ಅಂಗಿಯ ತುದಿ ಅವಳ ಮುಷ್ಟಿಯಲ್ಲೇ ಇತ್ತು. ಅವನು ‘ಬಿಡು’ ಅಂದನಲ್ಲ, ‘ಬಿಡ್ರಿ’ ಅನ್ನಲಿಲ್ಲವಲ್ಲ ಎಂಬುದು ಎದೆಬಡಿತ ಇಳಿದ ಮೇಲೆ ನಿಧಾನಕ್ಕೆ ಅವಳಿಗೆ ಹೊಳೆಯಿತು.

ಅವನು ಬಹಳ ಹೊತ್ತು ನೀರನ್ನೇ ನೋಡಿದ. ಸತ್ತವರ ಮನೆಯಲ್ಲಿ ಕೂತಂತೆ ಕೂತಿದ್ದ. ಒಂದು ಚಾಕುವಿಗೆ ಇಷ್ಟೇಕೆ ಎಂದು ಅವಳು ಕೇಳಲಿಲ್ಲ. ತನ್ನ ಮೊದಲ ಕತ್ತರಿಯ ತುದಿ ಮುರಿದ ದಿನ ತಾನು ಉಣ್ಣದೆ ಮಲಗಿದ್ದು ಅವಳಿಗೆ ಗೊತ್ತಿತ್ತು. ತನ್ನ ಚಾಕುವನ್ನು ಒರೆಯಿಂದ ತೆಗೆದು ಅವನ ಪಕ್ಕದಲ್ಲಿಟ್ಟಳು.

“ಇದನ್ನ ತೊಗೋರಿ.”

ಅವನು ಎತ್ತಿ ಹಿಡಿದ. ಹಿಡಿ ಅವನ ದೊಡ್ಡ ಮುಷ್ಟಿಯಲ್ಲಿ ಮುಳುಗಿತು, ಕಿರುಬೆರಳು ಹೊರಗೇ ಉಳಿಯಿತು. ಒಂದೆರಡು ಸಲ ಕೊಂಬೆಗೆ ತಾಗಿಸಿ ನೋಡಿ ಮತ್ತೆ ಕಲ್ಲಮೇಲಿಟ್ಟ.

“ನನಗ ಸಣ್ಣದಾತು. ಇದು ನಿನ್ನ ಕೈಗೆ. ನೀ ಕೆತ್ತು, ನಾ ಹಿಡ್ಕೋತೇನಿ.”

ಹಾಗೆ ಅವನು ಕೊಂಬೆ ಹಿಡಿದ, ಅವಳು ಕೆತ್ತಿದಳು. ಮೊದಲ ಗೂಟ ಸೊಟ್ಟಗಾಯಿತು. ಎರಡನೆಯದಕ್ಕೆ, “ಒತ್ತಬ್ಯಾಡ, ಅದ ಹೋಗಲಿ” ಎಂದ. ಮೂರನೆಯದನ್ನು ತಿರುಗಿಸಿ ನೋಡಿ ಡೇರೆಯ ಹತ್ತಿರ ಇಟ್ಟ. ಹಗ್ಗ ಅವಳೇ ಕೊಯ್ದಳು, ಗೆಣಸು ಅವಳೇ ಹೆಚ್ಚಿದಳು. ಪ್ರತಿಯೊಂದಕ್ಕೂ ಅವನು ಅವಳ ಹತ್ತಿರ ಬಂದು, “ಇದೊಂದಿಷ್ಟು ಕೊಯ್ದು ಕೊಡು” ಎನ್ನಬೇಕಾಯಿತು. ಇಷ್ಟು ವರ್ಷ ಈ ದಂಡೆಯಲ್ಲಿ ಒಬ್ಬರ ಹತ್ತಿರವೂ ಏನನ್ನೂ ಕೇಳದೆ ಇದ್ದುಹೋದವನು ಅವನು. ಕೇಳುವಾಗ ಮೊದಮೊದಲು ನೆಲ ನೋಡುತ್ತಿದ್ದ. ಹೊತ್ತು ಮುಳುಗುವಷ್ಟರಲ್ಲಿ ಅವಳ ಮುಖ ನೋಡಿ ಕೇಳುತ್ತಿದ್ದ.

ಮಲಗಿದಾಗ ಅವಳಿಗೆ ಕನಸಾಯಿತು. ಕಾಳಿಯ ತಳದಲ್ಲಿ ಮರಳಿನ ಮೇಲೆ ಅವನ ಚಾಕು ಮಲಗಿತ್ತು. ಮುದಿ ಮೊಸಳೆಯೊಂದು ಅದರ ಸುತ್ತ ಸುಳಿದು ಮೂಸಿ, ಅದನ್ನು ಮುಟ್ಟದೆ, ಮಗುವಿಗೆ ನಿದ್ದೆ ಕೆಡದಿರಲಿ ಎಂಬಂತೆ ಬಾಲ ಎತ್ತಿಕೊಂಡು ಹೊರಟುಹೋಯಿತು. ಮೇಲೆ ಎಲ್ಲೋ ಬೆಳಕು ಅಲುಗುತ್ತಿತ್ತು. ಅವಳಿಗೆ ಭಯವಾಗಲಿಲ್ಲ.

ಎಚ್ಚರವಾದಾಗ ಬೆಳಗಾಗುತ್ತಿತ್ತು. ನದಿ ಇರಲಿಲ್ಲ, ಆಚೆದಡವಿರಲಿಲ್ಲ, ಮಂಜೊಂದೇ ಇತ್ತು. ಕೂಡಿಟ್ಟ ಕಟ್ಟಿಗೆಯೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. ಗಂಡ ಇನ್ನೂ ಮಲಗಿದ್ದ. ಅವಳು ಅತಿ ದಪ್ಪದ ತುಂಡನ್ನು ಆರಿಸಿ, ನಿಲ್ಲಿಸಿ, ಚಾಕು ಇಟ್ಟು ಬಡಿದಳು. ಹೊರಗೆ ತೊಯ್ದಿದ್ದ ಕಟ್ಟಿಗೆ ಒಳಗೆ ಗರಿಗರಿಯಾಗಿ, ಹಳದಿಯಾಗಿ, ಹೊಸ ಬಟ್ಟೆಯ ಹಾಗೆ ಘಮಘಮಿಸಿತು. ಆ ಒಣ ತಿರುಳನ್ನು ತೆಳ್ಳಗೆ ಹೆರೆದಳು. ಹೆರೆದದ್ದು ತುಂಡಾಗಿ ಬೀಳದೆ ಸುರುಳಿ ಸುರುಳಿಯಾಗಿ ಕಡ್ಡಿಗೇ ಅಂಟಿ ನಿಂತಿತು. ಬೆಂಕಿಕಡ್ಡಿ ಗೀರಿ ಹಿಡಿದಾಗ ಸುರುಳಿಗಳು ಒಂದೊಂದಾಗಿ ಹೊತ್ತಿಕೊಂಡವು.

ಚಹಾದ ವಾಸನೆಗೆ ದುಂಡೇಶ ಎದ್ದು ಬಂದ. ಹೊದಿಕೆ ಸುತ್ತಿಕೊಂಡು ಬೆಂಕಿಯ ಮುಂದೆ ಕೂತ.

“ಒಬ್ಬನ ಬಂದಾಗ ಎದ್ದ ಮ್ಯಾಲೆ ಒಲಿ ಹೂಡೂದು ಒಂದು ದೊಡ್ಡ ಬ್ಯಾಸರ ನೋಡು” ಎಂದ. “ಅರ್ಧಾ ಸಲ ಚಹಾ ಕುಡೀದನ ಮನಿಗೆ ಹೋಗೇನಿ.”

“ಮತ್ತ ಅಷ್ಟು ವರ್ಷ ಯಾಕ ಬಂದ್ರಿ?”

ಅವನು ಒಂದು ತುಂಡನ್ನು ಬೆಂಕಿಗೆ ದೂಡಿದ. “ಕ್ವಾರ್ಟರ್ಸಿನ್ಯಾಗ ಒಬ್ಬನ ಇದ್ರ ಎಲ್ಲಾರೂ ಅಯ್ಯೋ ಪಾಪ ಅಂತಾರ. ಅಡವ್ಯಾಗ ಒಬ್ಬನ ಇದ್ರ ಯಾರೂ ಅನ್ನೂದಿಲ್ಲ.”

ಮಧುಮತಿ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ಲೋಟ ತುಂಬಿ ತುಳುಕಿ ಅವನ ಬೆರಳು ಸುಟ್ಟಿತು. ಅವನು ‘ಹಾ’ ಎಂದು ನಕ್ಕ.

ಮಂಜಿನೊಳಗಿಂದ ಬೀಸಣಿಗೆ ಬೀಸಿದಂಥ ಭಾರವಾದ ಸದ್ದು ಹತ್ತಿರವಾಯಿತು. ಜೋಡಿ ಮಂಗಟ್ಟೆ ಹಕ್ಕಿಗಳು ತಲೆಯ ಮೇಲೆ ಹಾದುಹೋದವು. ಕಂಡದ್ದು ಒಂದು ಹಳದಿ ಕೊಕ್ಕು ಮಾತ್ರ, ಉಳಿದದ್ದೆಲ್ಲ ರೆಕ್ಕೆಯ ಸದ್ದು.

“ಇವತ್ತೂ ಇಲ್ಲೇ ಇರೂಣೇನು?” ಎಂದಳು ಮಧುಮತಿ.

“ಸಂಜೀಕ ಡ್ಯೂಟಿ ಐತಿ” ಎಂದ ದುಂಡೇಶ. ಬೆಂಕಿ ನೋಡಿದ, ಅವಳನ್ನು ನೋಡಿದ. ಆಮೇಲೆ ಹೊದಿಕೆ ಅಲ್ಲೇ ಬಿಟ್ಟು, ಫೋನ್ ತೆಗೆದುಕೊಂಡು ಸಿಗ್ನಲ್ ಸಿಗುವ ದಿಬ್ಬ ಹತ್ತತೊಡಗಿದ. ಅವನ ಬೆನ್ನು ಮಂಜಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಎಲ್ಲೋ ಮೇಲಿಂದ, ಮುಗಿಲೇ ಮಾತಾಡಿದಂತೆ ಅವನ ದನಿ ಕೇಳಿಸಿತು.

“ಉದಯಕುಮಾರ, ನಾ ದುಂಡೇಶ... ಹೂಂ. ಜ್ವರ ಬಂದೈತೋ. ಭಾಳ ಜ್ವರ. ಎದ್ದು ಕೂಡಾಕ ಆಗವಲ್ದು. ಸಂಜೀ ಡ್ಯೂಟಿ ನೀ ನೋಡ್ಕೋ.”

ಒಂದು ದಿನವೂ ಕೆಲಸ ತಪ್ಪಿಸದ ಮನುಷ್ಯ ದಿಬ್ಬದ ತುದಿಯಲ್ಲಿ ನಿಂತು ಕೆಮ್ಮನ್ನೂ ಸೇರಿಸಿದ. ಮಧುಮತಿ ಬಾಯಿಗೆ ಓಢಣಿ ಅದುಮಿಕೊಂಡಳು. ತಡೆಯಲಾಗಲಿಲ್ಲ, ಬಂಡೆಗಳೆಲ್ಲ ಮಾರ್ದನಿಗೊಡುವಂತೆ ನಕ್ಕುಬಿಟ್ಟಳು. ಮೇಲೆ ಕೆಮ್ಮು ತಟ್ಟನೆ ನಿಂತಿತು.

“ಯಾರೂ ಇಲ್ಲೋ” ಎಂದಿತು ಮಂಜಿನೊಳಗಿನ ದನಿ, ನಗು ತಡೆದುಕೊಳ್ಳುತ್ತ. “ನಮ್ಮಾಕಿ.”