ಕೀ ಹಾಕುವ ಮೊಳೆ

ಕಿವಿಯ ಹಿಂದೆ ಕತ್ತರಿ ಕಚಕಚ ಅನ್ನುತ್ತಿದೆ, ಕತ್ತಿನ ಮೇಲೆ ಬಿದ್ದ ಕೂದಲು ಚುಚ್ಚುತ್ತಿದೆ, ಕೆರೆದುಕೊಳ್ಳೋಣವೆಂದರೆ ಎರಡು ಕೈಯೂ ಬಿಳಿ ಬಟ್ಟೆಯ ಅಂಚಿನಾಚೆ ಫೋನು ಹಿಡಿದು ಕೂತಿವೆ, ತಲೆ ಎತ್ತಿ ಸಾರ್, ಕಿವಿ ಹೋದ್ರೆ ನನ್ನ ಕೇಳ್ಬೇಡಿ, ಅನ್ನುತ್ತಾನೆ ಕ್ಷೌರಿಕ, ಎತ್ತಿದ ತಲೆ ತಾನಾಗಿ ಮತ್ತೆ ಬಗ್ಗುತ್ತದೆ — ಇವತ್ತು ವಾರದ ರಜೆ, ರಜೆ ಇರುವುದು ಪಟ್ಟಿಯಲ್ಲಷ್ಟೇ, ಆ ಪಟ್ಟಿ ಬರೆಯುವವನೂ ಕುರ್ಚಿಯಲ್ಲಿ ಕೂತ ಅವನೇ, ಬಸ್ ಡಿಪೋದ ಡ್ಯೂಟಿ ಗುಮಾಸ್ತ, ಯಾವ ಬಸ್ಸಿಗೆ ಯಾವ ಡ್ರೈವರ್ ಅಂತ ಹದಿನೆಂಟು ವರ್ಷದಿಂದ ಬರೆದದ್ದೇ ಬರೆದದ್ದು, ಆಗಲೇ ಡಿಪೋದಿಂದ ಫೋನು, ಮೂವತ್ನಾಲ್ಕು ನಂಬರ್ ಬಸ್ಸು ಶೆಡ್ಡಲ್ಲೇ ನಿಂತಿದೆ ಸಾರ್ ಏನ್ಮಾಡ್ಲಿ, ಅರ್ಧ ಗಂಟೆ ಅದೇ ಪುರಾಣ, ಮಾತು ಮುಗಿಯುತ್ತಲೇ ಡ್ರೈವರುಗಳ ಮೆಸೇಜುಗಳ ಸಾಲು, ಹೊಟ್ಟೆ ಸರಿಯಿಲ್ಲ ಸಾರ್, ಬದಲಿ ಯಾರು?, ಬೆನ್ನು ಹಿಡ್ಕೊಂಡಿದೆ ಸಾರ್, ಬದಲಿ ಯಾರು?, ಹೆಬ್ಬೆರಳು ಬ ಒತ್ತಿದರೆ ಸಾಕು, ಉಳಿದದ್ದು ಫೋನೇ ಬರೆದುಕೊಳ್ಳುತ್ತದೆ, ಹೆಂಡತಿಗೆ ಹೆರಿಗೆ ನೋವು ಅಂತ ಹೋದ ವರ್ಷ ಒಬ್ಬ ಬರೆದಾಗಲೂ ಅದೇ ಎರಡು ಪದ ಹೋಗಿತ್ತು, ಡಿಪೋಗೆ ಡಿಪೋನೇ ಬಿದ್ದು ಬಿದ್ದು ನಕ್ಕಿತ್ತು, ಅಪ್ಪ ಮಾತ್ರ ನಗಲಿಲ್ಲ, ಮೂವತ್ತು ವರ್ಷ ಬಸ್ಸು ಓಡಿಸಿದ ಅಪ್ಪ, ಡ್ಯೂಟಿ ಮುಗಿದರೆ ಕೀಯನ್ನು ಹಲಗೆಯ ಮೊಳೆಗೆ ಸಿಕ್ಕಿಸಿ, ಎರಡೂ ಅಂಗೈ ತಟ್ಟಿ ಧೂಳು ಕೊಡವಿ ಹೊರಡುತ್ತಿದ್ದ, ಕೀ ಮೊಳೆಯ ಮೇಲೆ ತೂಗಿ ತೂಗಿ ನಿಲ್ಲುತ್ತಿತ್ತು, ನೀನು ಡಿಪೋನೇ ಜೇಬಲ್ಲಿಟ್ಕೊಂಡು ಮನೆಗೆ ಬರ್ತೀಯಲ್ಲೋ ಮಗಾ, ಮೊಳೆಗೆ ಹಾಕೋದು ಯಾವಾಗ ಕಲೀತೀಯ, ಅಕ್ಕನ ಮನೆಯಲ್ಲಿ ಮಲಗಿದಲ್ಲಿಂದಲೇ ಕೇಳಿದ್ದ, ಹಾಸಿಗೆ ಹಿಡಿದು ತಿಂಗಳಾಯಿತು, ಇಲ್ಲಿಂದ ನೇರ ಅಲ್ಲಿಗೇ ಹೋಗಬೇಕು, ಅಪ್ಪನ ಗಡ್ಡವೂ ಬೆಳೆದಿದೆ, ಈ ಕ್ಷೌರಿಕನನ್ನೇ ಕರೆದುಕೊಂಡು ಹೋದರೆ — ಫೋನು ನಡುಗಿತು. ಅಕ್ಕ. ಒಂದೇ ಪದ. ಅಪ್ಪನಿಗಾ?

ಅಪ್ಪನಿಗೆ ಏನು, ಮೇಲೆ ಸರಿಸಿದ, ಹತ್ತೂ ಇಪ್ಪತ್ತಕ್ಕೆ ಅಕ್ಕ ಬರೆದಿದ್ದಾಳೆ, ಅಪ್ಪ ಹೋಗ್ಬಿಟ್ಟ ಕಣೋ, ಎಷ್ಟು ಸಲ ಮಾಡಿದ್ರೂ ನಿನ್ನ ಫೋನ್ ಬಿಜಿ, ಬೇಗ ಬಾ. ಅದರ ಕೆಳಗೆ, ಅದೇ ಹತ್ತೂ ಇಪ್ಪತ್ತಕ್ಕೆ, ಅವನದು. ಬದಲಿ ಯಾರು? ಇಲ್ಲ, ಇದು ತಾನಲ್ಲ, ಬೆರಳು, ಬೆರಳು ಮಾಡಿದ್ದು, ಅಳಿಸಬೇಕು, ಅಳಿಸಿ ಏನು ಮಾಡುವುದು, ಓದಿದ್ದಾಳೆ, ಅಪ್ಪನ ಪಕ್ಕದಲ್ಲೇ ಕೂತು ಓದಿದ್ದಾಳೆ, ಅಕ್ಕಾ ಅಲ್ಲ ಕಣೇ, ಡ್ರೈವರ್ ಅಂದುಕೊಂಡೆ, ಅನ್ನಬೇಕೇ, ಅಪ್ಪನೂ ಡ್ರೈವರೇ ಅಲ್ಲವೇ ಅಂದರೆ ಏನು ಹೇಳಲಿ, ಅಕ್ಕ ಫೋನ್ ಮಾಡಿ ಮಾಡಿ ಸೋತಷ್ಟು ಹೊತ್ತೂ ಅವನು ಇಲ್ಲಿ ಮೂವತ್ನಾಲ್ಕರ ಚಿಂತೆಯಲ್ಲಿ — ಏನ್ಸಾರ್ ಹಿಂಗೆ ಬಿಳಿಚ್ಕೊಂಡ್ರಿ, ಕೂತ್ಕೊಳಿ, ಇನ್ನೊಂದು ಕಡೆ ಹಂಗೇ ಇದೆ, ಎದ್ದಿದ್ದಾನೆ, ಯಾವಾಗ ಎದ್ದನೋ, ಕನ್ನಡಿಯಲ್ಲಿ ಅರ್ಧ ತಲೆ ಕತ್ತರಿಸಿದ ಒಬ್ಬ ಬಿಳಿ ಬಟ್ಟೆ ಹೊದ್ದು ನಿಂತಿದ್ದಾನೆ, ಫೋನು ಮತ್ತೆ ನಡುಗಿತು, ಅಕ್ಕನೇ ಇರಬೇಕು, ಅಲ್ಲ, ಜ್ವರ ಸಾರ್, ಇವತ್ತು ಬರಕ್ಕಾಗಲ್ಲ, ನೋಡಿದ, ನೋಡುತ್ತಾ ಇದ್ದ ಹಾಗೇ ಹೆಬ್ಬೆರಳು ಬ ಮೇಲೆ ಹೋಗಿ ಕೂತಿತ್ತು — ಥೂ, ತೆಗಿ, ತೆಗಿಯೋ ಅದನ್ನ, ಬೆರಳು ಏಳುವುದಿಲ್ಲ, ಹಲಗೆ, ಮೊಳೆ, ಅಪ್ಪ ಕೀ ಸಿಕ್ಕಿಸಿದ, ಅಂಗೈ ತಟ್ಟಿದ, ಹಿಂತಿರುಗಿ ನೋಡಲಿಲ್ಲ, ಕೀ ತೂಗುತ್ತಿದೆ, ತೂಗುತ್ತಿದೆ, ನಿಂತಿತು.