ಕಣ್ಣು ಕಾಣಲ್ವಾ ನಿಂಗೆ?

"ಕಣ್ಣಿನ ಆಸ್ಪತ್ರೆಗೆ ಬರೋರನ್ನೇ 'ಕಣ್ಣು ಕಾಣಲ್ವಾ ನಿಂಗೆ' ಅಂತ ಕೇಳಿದೀಯಲ್ಲೇ! ಡಾಕ್ಟರು ಫೋನಲ್ಲೇ ನನ್ನ ಚಳಿ ಬಿಡಿಸಿದ್ರು!" ಅಣ್ಣ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದ.

ತಂಗಿ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ನಾನು ಕೇಳಿದ್ದು ಅವರನ್ನಲ್ಲ. ಕೋಡ್ ಬರೆಯೋರನ್ನ."

ಅದು ನಿಜವೇ. ವೆಬ್‌ಸೈಟಿಗೆ ಬೇಕಾದ ತಳಪಾಯ, ಕಂಬ, ಬಾಗಿಲುಗಳನ್ನು ಜೋಡಿಸಿಟ್ಟ ಚೌಕಟ್ಟಿಗೆ ಫ್ರೇಮ್‌ವರ್ಕ್ ಅನ್ನುತ್ತಾರೆ. ಲೋಕವೆಲ್ಲ ಅದನ್ನು ಸಿದ್ಧವಾಗಿ ತಂದುಕೊಳ್ಳುವಾಗ ಇವಳು ಸ್ವಂತದ್ದೊಂದನ್ನು ಕಟ್ಟಿದ್ದಳು. ಅಣ್ಣ ಗಿರಾಕಿಗಳನ್ನು ಹಿಡಿದು ತರುತ್ತಿದ್ದ, ಇವಳು ಅದರ ಮೇಲೆ ಸೈಟು ಎಬ್ಬಿಸುತ್ತಿದ್ದಳು. ಕೋಡಿನಲ್ಲಿ ತಪ್ಪಾದರೆ ಆ ಚೌಕಟ್ಟು ಪರದೆಯ ಮೇಲೆ ಅಮ್ಮನ ಧಾಟಿಯಲ್ಲೇ ಬೈಯುತ್ತಿತ್ತು. ಏನನ್ನಾದರೂ ಖಾಲಿ ಬಿಟ್ಟರೆ "ಕಣ್ಣು ಕಾಣಲ್ವಾ ನಿಂಗೆ?" ತೆರೆದ ಬ್ರಾಕೆಟ್ಟನ್ನು ಮುಚ್ಚದಿದ್ದರೆ "ಬಾಗಿಲು ಹಾಕೋರು ಯಾರು, ನಿಮ್ಮಪ್ಪನಾ?" ಆಫೀಸಿನೊಳಗೇ ಇರಬೇಕಾದ ಬೈಗುಳ ಈ ಸಲ ಹೊಸ್ತಿಲು ದಾಟಿತ್ತು. ಪಾಪ, ಇವಳು ಕಟ್ಟಿಕೊಟ್ಟ ಕಣ್ಣಿನ ಆಸ್ಪತ್ರೆಯ ಸೈಟಿನಲ್ಲಿ ಯಾರೋ ರೋಗಿ ಫೋನ್ ನಂಬರಿನ ಜಾಗ ಖಾಲಿ ಬಿಟ್ಟಿದ್ದರು.

"ತಪ್ಪು ನಂದೇ. ಹೊರಗೆ ಹೋಗದಂಗೆ ತಡೆಯೋದು ಮರೆತೆ. ಈಗ ತಡೆದೆ, ನೋಡು."

"ವಿಷಯ ಅದಲ್ಲ ಕಣೇ. ಇನ್ಮೇಲೆ ಎಲ್ಲರೂ ಬಳಸೋ ಫ್ರೇಮ್‌ವರ್ಕೇ ನಮಗೂ. ನಿನ್ನ ಕೂಸನ್ನ ಮೂಲೆಗಿಡು."

ಅವಳಿಗೆ ಕೋಪ ನೆತ್ತಿಗೇರಿತು. "ಹೋದ ಸಲ ತಂದ್ಯಲ್ಲ ಅಂಥದ್ದೇ ಒಂದು! ಒಂದು ಪುಟ ತೋರಿಸೋಕೆ ಗಾಡಿಗಟ್ಟಲೆ ಸಾಮಾನು ಇಳಿಸ್ತು. ಎಲ್ಲೋ ಕೂತವನು ಅದರಲ್ಲಿ ಏನೋ ಬದಲಾಯಿಸಿದ, ಇಲ್ಲಿ ನಮ್ಮ ಸೈಟು ಮಕಾಡೆ ಮಲಗ್ತು. ಆಗ ಯಾರನ್ನ ಹಿಡ್ಕೊಂಡೆ? ನಂದು ಕೆಟ್ರೆ ನಾನಿದೀನಿ!"

"ಅದೇ ನನ್ನ ತಲೆನೋವು! ನಿಂಗೆ ಜ್ವರ ಬಂದ್ರೆ ಆಫೀಸಿಗೇ ಜ್ವರ. ಹೊಸದಾಗಿ ಸೇರಿದವರೆಲ್ಲ ಅದನ್ನ ನೋಡಿ ಓಟ ಕಿತ್ರು. ಒಬ್ಬರಿಗಾದ್ರೂ ಕಲಿಸಿದ್ಯಾ?"

ಮಾತು ಚುಚ್ಚಿತು. ಕಲಿಸಿರಲಿಲ್ಲ. ಯಾರಾದರೂ ತಡವರಿಸಿದರೆ ಕೀಬೋರ್ಡ್ ಕಿತ್ತುಕೊಂಡು ತಾನೇ ಬರೆದುಬಿಡುತ್ತಿದ್ದಳು.

"ಬೇಕಾದ್ರೆ ಇವತ್ತಿಂದ ಕಲಿಸ್ತೀನಿ. ಇನ್ನೊಬ್ಬರ ಚೌಕಟ್ಟಿಗೆ ಮಾತ್ರ ತಲೆ ತೂರಿಸಲ್ಲ."

"ಹಂಗಾದ್ರೆ ನಿಂಗೆ ಇಲ್ಲಿ ಕೆಲಸ ಇಲ್ಲ."

ಅಂದುಬಿಟ್ಟ. ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವಳು ಎದ್ದಳು. ಅಕ್ಷರಗಳೆಲ್ಲ ಸವೆದುಹೋದ ತನ್ನ ಕೀಬೋರ್ಡನ್ನು ಕಿತ್ತು ಕಂಕುಳಲ್ಲಿ ಇರುಕಿಕೊಂಡಳು.

"ಹೋಗೋಳು ಇದು ಹೆಂಗೆ ನಡೆಯುತ್ತೆ ಅಂತಾದ್ರೂ ಹೇಳಿ ಹೋಗೇ!"

"ಅದೇ ಹೇಳುತ್ತೆ. ನೀನು ತಪ್ಪು ಮಾಡ್ತಾ ಹೋಗು, ಅದು ಬೈತಾ ಹೋಗುತ್ತೆ. ನಾನು ಕಲಿತಿದ್ದೂ ಹಂಗೇ."

ಬಾಗಿಲನ್ನು ಹಾಗೇ ತೆರೆದಿಟ್ಟು ಮೆಟ್ಟಿಲಿಳಿದಳು. ಅಣ್ಣನೂ ಒಂದು ಕಾಲಕ್ಕೆ ಕೋಡ್ ಬರೆದವನೇ. ಅವಳ ಕುರ್ಚಿ ಕಿರುಗುಟ್ಟಿದ್ದು, ಇನ್ನೊಂದು ಕೀಬೋರ್ಡ್ ಟಕಟಕ ಅಂದದ್ದು ಕೇಳಿಸಿತು. ಆಮೇಲೆ ಅವನ ಕೂಗು:

"ಬಾಗಿಲು ಹಾಕೋರು ಯಾರು, ನಿಮ್ಮಪ್ಪನಾ ಅಂತೆ! ನಿಂಗೂ ಅಪ್ಪ ಅವರೇ ಕಣೇ!"

ಅವಳಿಗೆ ನಗು ಬಂತು. ಕಾಲು ನಿಲ್ಲಲಿಲ್ಲ. ಆ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.